ಆರಿದ ಮೇಲೆ ಏರಿದ ನೀರು

ಮೇಣದಬತ್ತಿ ಉರಿಯುತ್ತಿದ್ದಷ್ಟು ಹೊತ್ತೂ ನೀರು ಕದಲಲಿಲ್ಲ. ಅವಳು ಅಡುಗೆಮನೆಯ ಕಟ್ಟೆಗೆ ಗಲ್ಲ ತಾಗುವಷ್ಟು ಬಗ್ಗಿ, ಉಸಿರು ಬಿಟ್ಟರೆ ಎಲ್ಲಿ ಏನು ಕೆಟ್ಟುಹೋಗುತ್ತದೋ ಎಂಬಂತೆ ಬಾಯಿ ಬಿಗಿದುಕೊಂಡು, ತಟ್ಟೆಯ ಕೆಂಪು ನೀರಿನಲ್ಲಿ ಬೋರಲಾಗಿ ನಿಂತ ಗಾಜಿನ ಲೋಟವನ್ನೇ ನೋಡುತ್ತಿದ್ದಳು. ಒಳಗೆ ಜ್ವಾಲೆ ಗಿಡ್ಡವಾಯಿತು, ನೀಲಿಯಾಯಿತು, ಬತ್ತಿಯ ತುದಿಗೆ ಅಂಟಿಕೊಂಡು ಹೋಗಲೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿ ಆರಿತು. ಹೊಗೆಯ ಎಳೆಯೊಂದು ಮೇಲೆದ್ದು ಗಾಜಿಗೆ ತಾಗಿ ಮುದುಡಿಕೊಂಡಿತು. ಆಗ, ಆಮೇಲೆಯೇ, ಅದುವರೆಗೆ ಏನೂ ಗೊತ್ತಿಲ್ಲದವರ ಹಾಗೆ ಬಿದ್ದುಕೊಂಡಿದ್ದ ನೀರು ಯಾರೋ ಕೂಗಿ ಕರೆದಂತೆ ಎದ್ದು ಲೋಟದೊಳಕ್ಕೆ ಏರತೊಡಗಿತು. ನಿಧಾನವಾಗಿಯೂ ಅಲ್ಲ, ಹೊತ್ತಾಯಿತೆಂದು ಮೆಟ್ಟಿಲು ಹತ್ತುವವರ ಅವಸರದಲ್ಲಿ. ಬತ್ತಿ ಉರಿಯುವಾಗ ಏರಲಿಲ್ಲ. ಆರಿದ ಮೇಲೆ ಏರಿತು. ಹಾಗಾದರೆ, ಹಾಗಾದರೆ ಎಂದು ಒಳಗೆ ಏನೋ ಪುಟಿಯುತ್ತಿತ್ತು. ಮುಂದಿನ ಮಾತು ಸಿಕ್ಕದೆ ಅವಳು ಮತ್ತೆ ಬೆಂಕಿಕಡ್ಡಿ ಗೀರಿದಳು.

"ಹಾಲು ಕಾಯಿಸಬೇಕು. ಕಟ್ಟೆ ಬಿಡ್ತೀಯೋ, ಇಲ್ಲ ನಿನ್ನ ಶಾಲೇನ ಇಲ್ಲೇ ನಡೆಸ್ತೀಯೋ?" ಎಂದರು ಅತ್ತೆ, ಪಾತ್ರೆ ಹಿಡಿದು ಹಿಂದೆ ನಿಂತು. ಇನ್ನೊಂದು ಸಲ ಅಷ್ಟೇ ಅತ್ತೆ ಎಂದಳು ಅವಳು, ತಿರುಗದೆ. ಇದನ್ನೇ ಆಗಿನಿಂದ ಹೇಳುತ್ತಿದ್ದಾಳೆಂದು ಅತ್ತೆ ಯಾರಿಗೂ ಅಲ್ಲದ ಹಾಗೆ ಹೇಳಿ, ಪಾತ್ರೆಯನ್ನು ಬೇಕೆಂದೇ ಸದ್ದು ಮಾಡಿ ಇಟ್ಟು ಹೋದರು.

ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುವ ಅವಳನ್ನು ಮಕ್ಕಳು ಬೆನ್ನ ಹಿಂದೆ ಯಾಕಮ್ಮ ಎಂದು ಕರೆಯುತ್ತಿದ್ದರು. ಎಲೆ ಹಸಿರು ಎಂದರೆ ಯಾಕೆ, ಕಬ್ಬಿಣ ಮುಳುಗಿತು ಎಂದರೆ ಯಾಕೆ, ತಲೆನೋವು ಬಂತು ಮೇಡಂ ಮನೆಗೆ ಹೋಗಲೇ ಎಂದರೂ ಯಾಕೆ. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಸಿಟ್ಟು ಬಂದಂತೆ ಮಾಡಿ ಒಳಗೊಳಗೆ ಹಿಗ್ಗಿದ್ದಳು. ಉತ್ತರವನ್ನು ಮೊದಲು ಹೇಳಬಾರದು, ಮಕ್ಕಳು ತಪ್ಪೋ ಸರಿಯೋ ಒಂದು ಊಹೆ ಮಾಡಬೇಕು, ಆಮೇಲೆ ನೋಡಬೇಕು, ಎಂದು ಹೊಸದಾಗಿ ಬಂದ ಶಿಕ್ಷಕಿಯರಿಗೆ ಹೇಳುವಾಗ ಅವಳ ದನಿ ತಾನಾಗಿ ಸ್ವಲ್ಪ ದೊಡ್ಡದಾಗುತ್ತಿತ್ತು. ಅಂಥ ಯಾಕಮ್ಮ ಈ ಒಂದು ಪ್ರಯೋಗದ ಎದುರಿಗೆ ಮಾತ್ರ ಇಷ್ಟು ವರ್ಷ ಯಾಕೆ ಎನ್ನದೆ ಹೋಗಿದ್ದಳು. ಉರಿಯುವ ಮೇಣದಬತ್ತಿಯ ಮೇಲೆ ಜಾಡಿ ಬೋರಲು ಹಾಕು. ಬತ್ತಿ ಒಳಗಿನ ಆಮ್ಲಜನಕವನ್ನು ತಿಂದು ಮುಗಿಸುತ್ತದೆ. ತೆರವಾದ ಜಾಗಕ್ಕೆ ನೀರು ಏರುತ್ತದೆ. ಗಾಳಿಯಲ್ಲಿ ಆಮ್ಲಜನಕ ಐದರಲ್ಲಿ ಒಂದು ಪಾಲು, ಆದ್ದರಿಂದ ನೀರೂ ಐದರಲ್ಲಿ ಒಂದು ಪಾಲು. ಪುಸ್ತಕದಲ್ಲಿ ಚಿತ್ರ ಸಮೇತ ಇತ್ತು. ಎಷ್ಟು ಚೆಂದದ ಲೆಕ್ಕವೆಂದರೆ ಅದನ್ನು ಹೇಳಿ ಮುಗಿಸಿದಾಗ ಅವಳಿಗೇ ಒಂದು ತೃಪ್ತಿಯಾಗುತ್ತಿತ್ತು, ಕಪಾಟಿನಲ್ಲಿ ಬಟ್ಟೆ ಮಡಿಸಿ ಜೋಡಿಸಿದ ಹಾಗೆ.

ನಿನ್ನೆ ಸಂಜೆ ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯದಲ್ಲಿ ಅವಳೊಬ್ಬಳೇ ಇದ್ದಳು. ಇವತ್ತು ಪರಿವೀಕ್ಷಕರು ಅವಳ ಪಾಠ ನೋಡಲು ಬರುವವರಿದ್ದರು. ಸುತ್ತಲಿನ ಶಾಲೆಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡಲು ಒಬ್ಬರನ್ನು ಆರಿಸುವುದಿತ್ತು. ಹೆಡ್ಮಾಸ್ಟರು ಅವಳ ಹೆಸರು ಕಳಿಸಿದ್ದರು. ಪಾಠ ಇದೇ ಎಂದು ಅವಳೇ ಬರೆದುಕೊಟ್ಟಿದ್ದಳು, ಯಾಕೆಂದರೆ ಇದು ಯಾವತ್ತೂ ಕೈಕೊಟ್ಟದ್ದಿಲ್ಲ. ಖಾಲಿ ಬೆಂಚುಗಳ ಎದುರು ಒಂದು ಸಲ ಮಾಡಿ ನೋಡಿಕೊಳ್ಳೋಣವೆಂದು ಬತ್ತಿ ಹಚ್ಚಿ ಜಾಡಿ ಬೋರಲು ಹಾಕಿ, ಅಭ್ಯಾಸಬಲದಿಂದ ಬೆಂಚುಗಳ ಕಡೆಗೆ ತಿರುಗಿದವಳು, ಅಲ್ಲಿ ಯಾರೂ ಇಲ್ಲದ್ದರಿಂದ ಮಾತಾಡುವುದಕ್ಕೆ ನಾಚಿ ಮತ್ತೆ ಜಾಡಿಯ ಕಡೆಗೇ ತಿರುಗಿದಳು. ನೋಡಿದಳು. ಮೊದಲ ಸಲ ನೋಡಿದಳು. ಇಷ್ಟು ವರ್ಷವೂ ಬತ್ತಿ ಉರಿಯುವಾಗ ಅವಳು ಮಕ್ಕಳ ಮುಖ ನೋಡುತ್ತ ಆಮ್ಲಜನಕದ ಬಗ್ಗೆ ಮಾತಾಡುತ್ತಿದ್ದಳು. ತಿರುಗಿ ನೋಡುವ ಹೊತ್ತಿಗೆ ನೀರು ಏರಿ ಕುಳಿತಿರುತ್ತಿತ್ತು. ನೋಡಿದಿರಾ ಎಂದರೆ ಮಕ್ಕಳು ನೋಡಿದೆವು ಎನ್ನುತ್ತಿದ್ದರು. ಅವರೂ ಅವಳ ಮುಖವನ್ನೇ ನೋಡುತ್ತಿದ್ದರೋ ಏನೋ. ಇನ್ನೊಂದು ನೆನಪಾಗಿ ಅವಳಿಗೆ ಕಿವಿ ಬಿಸಿಯಾಯಿತು. ಪ್ರಯೋಗಾಲಯದಲ್ಲಿ ಜಾಡಿಗಳು ಬೇಕಾದಷ್ಟಿದ್ದವು. ಅವುಗಳಲ್ಲಿ ಒಂದೇ ಒಂದರಲ್ಲಿ, ಒಂದು ದಪ್ಪ ಬತ್ತಿ ಇಟ್ಟರೆ, ನೀರು ಸರಿಯಾಗಿ ಐದರಲ್ಲಿ ಒಂದು ಪಾಲಿಗೆ ಬಂದು ನಿಲ್ಲುತ್ತಿತ್ತು. ಉಳಿದವುಗಳಲ್ಲಿ ಕಡಿಮೆಯೋ ಜಾಸ್ತಿಯೋ ಆಗುತ್ತಿತ್ತು. ಅವುಗಳನ್ನು ಅವಳು ಸರಿಯಿಲ್ಲದ ಜಾಡಿಗಳು ಎಂದು ಕರೆದು ಕಪಾಟಿನ ಕೆಳಗಿನ ಅರೆಗೆ ತಳ್ಳಿದ್ದಳು. ಹೇಳಿದ ಮಾತು ಕೇಳುವ ಜಾಡಿಯನ್ನು ಮಾತ್ರ ಮೇಲಿಟ್ಟುಕೊಂಡು, ಅದಕ್ಕೊಂದು ಗೆರೆಯನ್ನೂ ಎಳೆದು, ವರ್ಷ ವರ್ಷವೂ ಒರೆಸಿ ಹೊಳಪಿಟ್ಟಿದ್ದಳು. ಗಾಜನ್ನು ಬೈದು ಗಾಳಿಯನ್ನು ಹೊಗಳಿದ ಹಾಗೆ. ಆ ಯೋಚನೆಗೆ ಅವಳಿಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ನಾಚಿಕೆಯ ಬೆನ್ನಿಗೇ, ಅದನ್ನು ತಳ್ಳಿಕೊಂಡು ಮುಂದೆ ಬಂದದ್ದು ನಗು.

ರಾತ್ರಿ ನಿದ್ದೆ ಎಂಬುದು ಹೆಸರಿಗಿತ್ತು. ಬೆಳಗಾಗುತ್ತಲೇ ಅತ್ತೆಯ ಲೋಟ, ತಟ್ಟೆ, ಗಂಡನ ಕೆಂಪು ಮಸಿ ಎಲ್ಲ ಅಡುಗೆಮನೆಗೆ ಬಂದವು. ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತ ಎಲ್ಲ ಕೇಳಿಸಿಕೊಂಡ. ಪುಸ್ತಕದಲ್ಲಿ ತಪ್ಪಿದೆ ಎಂದಾಗ ಅವನ ಕಣ್ಣು ಅರಳಿತು, ಆದರೆ ಅದು ಕಾಗುಣಿತದ ತಪ್ಪಲ್ಲ ಎಂದು ತಿಳಿದು ಮತ್ತೆ ಹಲ್ಲುಜ್ಜಿದ. "ಅಚ್ಚಾಗಿ ಹೋಗಿದೆಯಲ್ಲೇ. ಇನ್ನು ಅದು ತಪ್ಪಲ್ಲ, ಪಾಠ," ಎಂದ, ನೊರೆಯ ನಡುವಿನಿಂದ. ಅವಳು ಕೇಳಿಸಿಕೊಳ್ಳಲಿಲ್ಲ. ಲೋಟದ ಅಂಚಿನಲ್ಲಿ ಗುಳ್ಳೆಗಳನ್ನು ಕಂಡಿದ್ದಳು. ಉರಿಯುವ ಬತ್ತಿಯ ಮೇಲೆ ಲೋಟ ಮುಚ್ಚಿದ ಕೂಡಲೇ ಅಂಚಿನ ಕೆಳಗಿನಿಂದ ಎರಡು ಮೂರು ಗುಳ್ಳೆ ಬುಳುಬುಳು ಹೊರಗೆ ಬಂದಿದ್ದವು. ಗಾಳಿ ಒಳಗೆ ಖರ್ಚಾಗುತ್ತಿದ್ದರೆ ಹೊರಗೆ ಹೋಗುವುದು ಯಾಕೆ? ಬಿಸಿಯಾಗಿ ಹಿಗ್ಗಿತು, ಜಾಗ ಸಾಲದೆ ಹೊರಬಿತ್ತು. ಬತ್ತಿ ಆರಿತು, ಉಳಿದ ಗಾಳಿ ತಣ್ಣಗಾಯಿತು, ಕುಗ್ಗಿತು, ಹೊರಗಿನ ಗಾಳಿ ನೀರನ್ನು ಒಳಕ್ಕೆ ಒತ್ತಿತು. ಆಮ್ಲಜನಕ ಖರ್ಚಾಗುವುದು ಸುಳ್ಳಲ್ಲ. ನೀರು ಏರುವುದು ಅದರಿಂದ ಎನ್ನುವುದು ಸುಳ್ಳು. ಹಾಗಿದ್ದರೆ ಬತ್ತಿಯೇ ಬೇಡ. ಬೆಂಕಿಯೇ ಬೇಡ. ಅವಳು ಸ್ನಾನಕ್ಕೆ ಕಾದಿದ್ದ ಬಿಸಿನೀರನ್ನು ಲೋಟಕ್ಕೆ ತುಂಬಿ, ಬೆರಳು ಸುಡುತ್ತಿದ್ದರೂ ಹಿಡಿದು ನಿಂತು, ಚೆಲ್ಲಿ, ಬರಿದಾದ ಬಿಸಿ ಲೋಟವನ್ನು ತಟ್ಟೆಯ ತಣ್ಣೀರಿನಲ್ಲಿ ಬೋರಲು ಹಾಕಿದಳು. ಕಾದಳು. ಬೆಂಕಿ ಇಲ್ಲ, ಹೊಗೆ ಇಲ್ಲ, ತಿಂದು ಮುಗಿಸುವವರು ಯಾರೂ ಇಲ್ಲ. ಕೆಂಪು ನೀರು ಮೆಲ್ಲಗೆ, ಕಳ್ಳಹೆಜ್ಜೆಯಲ್ಲಿ, ಏರಿತು. ಅವಳ ಬಾಯಿಂದ ಹೊರಟ ಸದ್ದಿಗೆ ಅತ್ತೆ ಓಡಿಬಂದರು. ಕೈ ಸುಟ್ಟುಕೊಂಡಳೆಂದು ತಿಳಿದಿದ್ದರು. ಸೊಸೆ ನಗುತ್ತಿರುವುದನ್ನು ಕಂಡು ಅವರಿಗೆ ಇನ್ನಷ್ಟು ಗಾಬರಿಯಾಯಿತು.

ದಾರಿಯುದ್ದಕ್ಕೂ ಅವಳ ಕಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ. ಇಷ್ಟು ದಿನ ಬರಿಯ ದಾರಿಯಾಗಿದ್ದ ಬೀದಿ ಇವತ್ತು ಅವಳ ಹಳೆಯ ವಿದ್ಯಾರ್ಥಿಗಳಿಂದ ತುಂಬಿಹೋಗಿತ್ತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಚೀಟಿ ಹರಿಯುವ ಹುಡುಗಿ. ಗ್ಯಾರೇಜಿನ ಲಾರಿಯ ಕೆಳಗಿನಿಂದ ಕಾಲು ಚಾಚಿ ಮಲಗಿದವನು, ಆ ಕಾಲನ್ನೂ ಅವಳು ಗುರುತಿಸಬಲ್ಲಳು. ದವಾಖಾನೆಯ ಬಾಗಿಲಲ್ಲಿ ಬಿಳಿ ಕೋಟು ಹಾಕಿಕೊಳ್ಳುತ್ತಿದ್ದ ನರ್ಸು, ಅವಳಂತೂ ತರಗತಿಯಲ್ಲಿ ಮೊದಲು ಕೈ ಎತ್ತುತ್ತಿದ್ದವಳು. ಎಲ್ಲರ ತಲೆಯೊಳಗೂ ಒಂದೊಂದು ಜಾಡಿ, ಒಂದೊಂದು ಜಾಡಿಯಲ್ಲೂ ಅವಳು ಎಳೆದ ಗೆರೆಯ ತನಕ ಕೆಂಪು ನೀರು. ಅವರೆಲ್ಲ ಆ ನೀರನ್ನು ತುಳುಕಿಸದೆ ಹೊತ್ತುಕೊಂಡು ಮದುವೆಯಾಗಿ, ಮಕ್ಕಳಾಗಿ, ಕೂದಲು ಉದುರಿಸಿಕೊಂಡು ಓಡಾಡುತ್ತಿದ್ದಾರೆ. ಮೂರು ದಪ್ಪ ಬತ್ತಿ ಬೇಕೆಂದು ಅವಳು ಅಂಗಡಿಯೊಂದರ ಮುಂದೆ ನಿಂತಾಗ ಗಲ್ಲಾದ ಹಿಂದಿನಿಂದ ಎದ್ದವನೂ ಅವರಲ್ಲೊಬ್ಬ. ಬತ್ತಿ ಕಾಗದದಲ್ಲಿ ಸುತ್ತುತ್ತ, ಪ್ರಯೋಗಕ್ಕಾ ಮೇಡಂ ಎಂದು ತಾನಾಗಿ ಕೇಳಿದ. ನೆನಪಿದೆಯೇನೋ ಎಂದಳು, ಬೇಡ ಬೇಡ ಎನ್ನುತ್ತಿತ್ತು ಮನಸ್ಸು.

"ಮರೀತೀನಾ? ಆಮ್ಲಜನಕ ಐದರಲ್ಲಿ ಒಂದು ಪಾಲು. ನನ್ನ ಮಗಳಿಗೂ ನಾನೇ ಮಾಡಿ ತೋರಿಸಿದ್ದೀನಿ ಮೇಡಂ."

ಎಷ್ಟು ಹೆಮ್ಮೆಯಿಂದ ಅಂದನೆಂದರೆ ಅವಳಿಗೆ ಅವನ ಗಲ್ಲಾದ ಮೇಲೆ ಅಲ್ಲೇ, ಗಿರಾಕಿಗಳ ಎದುರಿಗೇ, ಬತ್ತಿ ಹಚ್ಚಿ ಲೋಟ ಮುಚ್ಚಿಬಿಡೋಣ ಅನ್ನಿಸಿತು. ಅದರ ಬದಲು, ಜಾಣ ಎಂದಳು. ಹೊರಗೆ ಬಂದ ಮೇಲೆ ಆ ಜಾಣ ಎಂಬ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡಿತು. ಒಂದು ತಪ್ಪು ಎರಡನೇ ತಲೆಮಾರಿಗೆ ಇಳಿದಿತ್ತು, ಅದೂ ಇಷ್ಟು ಪ್ರೀತಿಯಿಂದ. ಅವಳೇ ಏಳನೆಯ ತರಗತಿಯಲ್ಲಿ ಓದುತ್ತಿದ್ದಾಗ ಅವರ ವಿಜ್ಞಾನದ ಮೇಷ್ಟ್ರಿಗೆ ಪ್ರಶ್ನೆ ಎಂದರೆ ಸೊಳ್ಳೆ ಇದ್ದ ಹಾಗೆ. ಚಂದ್ರ ನಮ್ಮ ಜೊತೆಗೇ ಯಾಕೆ ಬರುತ್ತಾನೆ ಸಾರ್ ಎಂದು ಕೇಳಿದ್ದಕ್ಕೆ, ನಿನ್ನನ್ನು ಮನೆತನಕ ಬಿಟ್ಟು ಬರೋಕೆ, ಎಂದು ಅವರು ಹೇಳಿ ಇಡೀ ತರಗತಿಯನ್ನು ನಗಿಸಿದ್ದರು. ನಗು ನಿಂತ ಮೇಲೂ ಅವಳಿಗೆ ಕೂರಲು ಹೇಳುವುದನ್ನು ಮರೆತು ಪಾಠ ಮುಂದುವರಿಸಿದ್ದರು. ಅವಳು ಗಂಟೆ ಹೊಡೆಯುವ ತನಕ ನಿಂತೇ ಇದ್ದಳು. ಮನೆಗೆ ಬಂದು ಅಕ್ಕನ ಹತ್ತಿರ ಅತ್ತಾಗ ಅಕ್ಕ ಏನೂ ಹೇಳದೆ, ಹಳೆಯ ಪತ್ರಿಕೆಯ ಮೇಲೆ ಗಾಜಿನ ಚೂರಿಟ್ಟು ಅದರ ಮೇಲೆ ಬೆರಳ ತುದಿಯಿಂದ ಒಂದು ಹನಿ ನೀರು ಬಿಟ್ಟಿದ್ದಳು. ಕೆಳಗಿನ ಅಕ್ಷರ ಉಬ್ಬಿ ದೊಡ್ಡದಾಯಿತು. ಯಾಕಕ್ಕ? ನನಗೇನು ಗೊತ್ತು, ನೋಡು, ಅಷ್ಟೆ. ಇಬ್ಬರೂ ಹೊಟ್ಟೆಯ ಮೇಲೆ ಮಲಗಿ ಹನಿ ಸರಿಸುತ್ತ ಸರಿಸುತ್ತ, ಮರಣವಾರ್ತೆ, ಸಿಮೆಂಟಿನ ಜಾಹೀರಾತು, ಎಲ್ಲವನ್ನೂ ದೊಡ್ಡದು ಮಾಡಿ ಓದಿದ್ದರು. ಅವಳು ಟೀಚರಾದದ್ದು ಆ ಮೇಷ್ಟ್ರ ಮೇಲಿನ ಸಿಟ್ಟಿನಿಂದಲೋ ಆ ಹನಿಯಿಂದಲೋ ಅವಳಿಗೇ ತಿಳಿಯದು. ಇವತ್ತು ಮಾತ್ರ ಬೆರಳ ತುದಿ ಒದ್ದೆಯಾದ ಹಾಗೆ ಅನ್ನಿಸುತ್ತಿತ್ತು.

ಹೆಡ್ಮಾಸ್ಟರು ಗೇಟಿನಲ್ಲೇ ಕಾಯುತ್ತಿದ್ದರು. ಪರಿವೀಕ್ಷಕರು ಬೇಗ ಬಂದುಬಿಟ್ಟಿದ್ದಾರೆ, ಚಹಾ ಕುಡಿಯುತ್ತಿದ್ದಾರೆ, ಮುಖ ನೋಡಿದರೆ ಒಳ್ಳೆಯ ಮನಸ್ಸಿನಲ್ಲಿದ್ದ ಹಾಗಿದೆ, ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಅವಳೂ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು: ಗುಳ್ಳೆ, ಬಿಸಿ ಲೋಟ, ಸರಿಯಿಲ್ಲದ ಜಾಡಿಗಳು. ಅವರು ಒಳ್ಳೆಯವರು; ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ, ಬಿಸಿಲಿಗಿಟ್ಟ ಮೇಣದ ಹಾಗೆ, ಒಂದು ಕಡೆಗೆ ಜಾರಿತು.

"ನೀವು ಹೇಳೋದು ಸರಿನೇ ಇರಬಹುದು. ನಾಳೆ ಹೇಳಿಕೊಡಿ. ಇವತ್ತೊಂದು ದಿನ ಪುಸ್ತಕದಲ್ಲಿರೋ ಹಾಗೆ ಮಾಡಿಬಿಡಿ."

"ನಾಳೆ ಹೇಗೆ ಹೇಳಲಿ ಸಾರ್? ನಿನ್ನೆ ಹೇಳಿದ್ದು ಬೇಕಂತಲೇ ಹೇಳಿದ ಸುಳ್ಳು ಮಕ್ಕಳೇ ಅಂತಲಾ?"

ಅವರು ಸುತ್ತ ನೋಡಿ ದನಿ ತಗ್ಗಿಸಿದರು. ಆ ಪುಸ್ತಕದ ಸಮಿತಿಯಲ್ಲಿ ಪರಿವೀಕ್ಷಕರೂ ಇದ್ದರಂತೆ. ಆ ಪಾಠ ಅವರದ್ದೋ ಅಲ್ಲವೋ ಗೊತ್ತಿಲ್ಲ, ಆದರೂ. ನಮ್ಮ ಶಾಲೆಯಿಂದ ಒಬ್ಬರು ತರಬೇತಿಗೆ ಹೋದರೆ ನಮಗೊಂದು ಮರ್ಯಾದೆ ಮೇಡಂ, ಎಂದರು. ಅದರಲ್ಲಿ ಬೇಡಿಕೆಯಿತ್ತು, ಬೆದರಿಕೆ ಇರಲಿಲ್ಲ, ಅದೇ ಕಷ್ಟವಾಯಿತು. ಬೆದರಿಸಿದ್ದರೆ ಅವಳು ಅಲ್ಲೇ ತೀರ್ಮಾನಿಸಿಬಿಡುತ್ತಿದ್ದಳು. ಈಗ ಪ್ರಯೋಗಾಲಯದ ಮೆಟ್ಟಿಲು ಹತ್ತುವಾಗ ಅವಳಿಗೆ ತಾನು ಏನು ಮಾಡುತ್ತೇನೆಂಬುದು ನಿಜವಾಗಿಯೂ ಗೊತ್ತಿರಲಿಲ್ಲ. ತರಬೇತುದಾರಳಾಗುವ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತಿತ್ತು. ಹೊಸ ಕೈಚೀಲವನ್ನೂ ನೋಡಿಟ್ಟಿದ್ದಳು. ಸಭಾಂಗಣದ ತುಂಬ ಶಿಕ್ಷಕರು ಕುಳಿತಿರುತ್ತಾರೆ, ಅವಳು ಇದೇ ಜಾಡಿಯನ್ನು ಎತ್ತಿ ತೋರಿಸುತ್ತಾಳೆ, ಅವರೆಲ್ಲ ತಮ್ಮ ತಮ್ಮ ಶಾಲೆಗೆ ಹೋಗಿ ಎತ್ತಿ ತೋರಿಸುತ್ತಾರೆ. ಎಷ್ಟು ತಲೆಗಳು, ಎಷ್ಟು ಕೆಂಪು ನೀರು! ಆ ಯೋಚನೆಯಲ್ಲಿ ಭಯ ಎಷ್ಟು ಸಂಭ್ರಮ ಎಷ್ಟು ಎಂದು ಬೇರೆ ಮಾಡಲಾಗಲಿಲ್ಲ.

ಮಕ್ಕಳು ಎದ್ದು ನಮಸ್ಕಾರ ಹೇಳಿ ಕುಳಿತರು. ಪರಿವೀಕ್ಷಕರು ಹಿಂದಿನ ಬೆಂಚಿನಲ್ಲಿ, ಮೊಣಕಾಲು ಎಲ್ಲಿಡುವುದೆಂದು ತಿಳಿಯದೆ, ಪಕ್ಕಕ್ಕೆ ತಿರುಗಿ ಕುಳಿತಿದ್ದರು. ತೆಳ್ಳನೆಯ, ನರೆತ, ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸದ ಮನುಷ್ಯ. ಮೇಜಿನ ಮೇಲೆ ಪ್ಯೂನ್ ಆಗಲೇ ಗೆರೆ ಎಳೆದ ಆ ಜಾಡಿಯನ್ನು ತಂದಿಟ್ಟಿದ್ದ. ಅದರ ಹೊಳಪಿನಲ್ಲಿ ಕಿಟಕಿಗಳು ಸಣ್ಣದಾಗಿ ಬಾಗಿ ಕಾಣುತ್ತಿದ್ದವು. ಅವಳು ತಟ್ಟೆಗೆ ನೀರು ಹೊಯ್ದಳು, ಮಸಿಯ ಹನಿ ಬಿಟ್ಟಳು, ಬತ್ತಿ ಹಚ್ಚಿದಳು. ಆಮ್ಲಜನಕ ಎಂಬ ಮಾತು ನಾಲಗೆಯ ಮೇಲೆ ತಾನಾಗಿ ಬಂದು ಕುಳಿತಿತ್ತು, ಎಷ್ಟೋ ವರ್ಷಗಳಿಂದ ಅದೇ ಹೊತ್ತಿಗೆ ಅದೇ ಬಾಗಿಲಿಗೆ ಬರುವವರ ಹಾಗೆ. ಅವಳು ಬಾಯಿ ತೆರೆದಳು. ಮಕ್ಕಳೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು.

"ನನ್ನನ್ನ ನೋಡಬೇಡಿ," ಎಂದಳು. "ಇವತ್ತು ನಾನು ಮಾತಾಡಲ್ಲ. ಎಲ್ಲರೂ ಮುಂದೆ ಬನ್ನಿ. ಬರೀ ನೋಡಿ. ನೀರು ಯಾವಾಗ ಏರುತ್ತೆ, ಅದೊಂದೇ."

ಬೆಂಚುಗಳು ಕಿರುಗುಟ್ಟಿದವು. ಮೇಜಿನ ಸುತ್ತ ತಲೆಗಳು ಕೂಡಿದವು, ಎಣ್ಣೆ, ಸಾಬೂನು, ಬೆವರಿನ ವಾಸನೆ ಅವಳನ್ನು ಮುತ್ತಿತು. ಜಾಡಿ ಬೋರಲಾಯಿತು. ಸುಮ್ಮನಿರುವುದು ಎಷ್ಟು ಕಷ್ಟವೆಂಬುದು ಅವಳಿಗೆ ಆಗ ತಿಳಿಯಿತು. ಇಷ್ಟು ವರ್ಷ ತನ್ನ ಮಾತಿನಿಂದಲೇ ಆ ಬತ್ತಿಯನ್ನು ಆರಿಸುತ್ತಿದ್ದಳೇನೋ. ಗುಬ್ಬಿ ಎಂದು ಎಲ್ಲರೂ ಕರೆಯುವ ಪುಟ್ಟ ಹುಡುಗಿ ಮೇಜಿಗೆ ಮೂಗು ತಾಗಿಸಿ ನಿಂತಿದ್ದಳು. ಬತ್ತಿ ಆರಿತು, ನೀರು ಎದ್ದಿತು, ಗುಬ್ಬಿ ಯಾರ ಅಪ್ಪಣೆಗೂ ಕಾಯದೆ, ಆರಿದ ಮೇಲೆ ಮೇಡಂ, ಆರಿದ ಮೇಲೆ, ಎಂದು ಕಿರುಚಿದಳು. ಇಲ್ಲ, ಉರಿಯುವಾಗಲೇ, ಎಂದ ಹಿಂದಿನಿಂದ ಒಬ್ಬ ಉದ್ದನೆಯ ಹುಡುಗ. ಜಗಳ ಶುರುವಾಯಿತು. ಇನ್ನೊಂದು ಸಲ ಮಾಡಿ ಎಂದರು. ಮಾಡಿದಳು. ಉದ್ದನೆಯ ಹುಡುಗ ಕೆಮ್ಮಿ, ಹೌದು ಆರಿದ ಮೇಲೇನೇ ಎಂದು ಒಪ್ಪಿಕೊಂಡ. ಅಷ್ಟರಲ್ಲಿ ಗುಳ್ಳೆ ಕಂಡವರು ಯಾರೋ, ಗುಳ್ಳೆ ಕಾಣದವರು ಯಾರೋ, ಬತ್ತಿ ಜಾಸ್ತಿ ಇಟ್ಟರೆ ಏನಾಗುತ್ತದೆ ಎಂದವರು ಇನ್ನ್ಯಾರೋ. ಅವಳು ಮೂರು ಬತ್ತಿಯನ್ನೂ ಹಚ್ಚಿದಳು. ಜಾಡಿಯೊಳಗಿನ ಗಾಳಿ ಅಷ್ಟೇ, ಆಮ್ಲಜನಕ ಅಷ್ಟೇ. ನೀರು ಗೆರೆಯ ಹತ್ತಿರ ಬಂತು, ಗೆರೆಯನ್ನು ದಾಟಿತು, ಯಾರ ಮುಲಾಜೂ ಇಲ್ಲದೆ ಮೇಲೆ ಹೋಯಿತು. ಮಕ್ಕಳು ಹೋ ಎಂದರು. ಅವಳೂ ಹೋ ಎಂದಳು. ಕಪಾಟಿನ ಕೆಳಗಿನ ಅರೆಯಿಂದ ಧೂಳು ಹಿಡಿದ ಜಾಡಿಗಳೆಲ್ಲ ಹೊರಬಂದವು; ಒಂದೊಂದರ ಸುತ್ತ ಒಂದೊಂದು ಗುಂಪು; ಪ್ಯೂನ್ ಬಿಸಿನೀರು ತಂದ; ಬೆಂಕಿಯಿಲ್ಲದೆ ನೀರು ಏರಿದಾಗ ಗುಬ್ಬಿ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತುಬಿಟ್ಟಳು. ಗಾಳಿ ಬಿಸಿಯಾದರೆ ಉಬ್ಬುತ್ತೆ ಕಣೋ, ಸೈಕಲ್ ಟ್ಯೂಬ್ ಬಿಸಿಲಲ್ಲಿ ಒಡೆಯಲ್ವಾ, ಎಂದು ಉದ್ದನೆಯ ಹುಡುಗ ಯಾರಿಗೋ ವಿವರಿಸುತ್ತಿದ್ದ. ಅವಳು ಒಂದು ಮಾತೂ ಹೇಳಿಕೊಟ್ಟಿರಲಿಲ್ಲ. ಪರಿವೀಕ್ಷಕರು ಇದ್ದಾರೆಂಬುದೇ ಅವಳಿಗೆ ಮರೆತುಹೋಗಿತ್ತು.

"ಪುಸ್ತಕದಲ್ಲಿ ಐದರಲ್ಲಿ ಒಂದು ಪಾಲು ಅಂತ ಇದೆ."

ಹೇಳಿದವಳು ಪರೀಕ್ಷೆಯಲ್ಲಿ ತರಗತಿಗೆ ಯಾವಾಗಲೂ ಮೊದಲು ಬರುವ ಹುಡುಗಿ. ರ‍್ಯಾಂಕು ಎಂದೇ ಅವಳ ಅಡ್ಡಹೆಸರು. ಅವಳು ಮುಂದೆ ಬಂದಿರಲಿಲ್ಲ, ತನ್ನ ಜಾಗದಲ್ಲೇ ಪುಸ್ತಕ ತೆರೆದು ನಿಂತಿದ್ದಳು. ಗದ್ದಲ ಅಡಗಿತು. ಹೌದು, ಇದೆ, ಎಂದಳು ಟೀಚರ್. ಅದು ತಪ್ಪು, ನಾನೂ ನಿನ್ನೆ ಸಂಜೆಯ ತನಕ ಅದನ್ನೇ ನಂಬಿದ್ದೆ, ಎಂದೂ ಹೇಳಿದಳು. ಹೇಳುವಾಗ ಹಿಂದಿನ ಬೆಂಚಿನ ಕಡೆ ನೋಡಬಾರದೆಂದುಕೊಂಡರೂ ನೋಡಿದಳು. ಪರಿವೀಕ್ಷಕರು ಪೆನ್ನಿನ ಮುಚ್ಚಳವನ್ನು ಬಾಯಿಂದ ತೆಗೆದಿದ್ದರು.

"ಹಾಗಾದ್ರೆ ಪರೀಕ್ಷೆಯಲ್ಲಿ ಏನು ಬರೀಬೇಕು ಮೇಡಂ?"

"ನೀನು ಕಣ್ಣಾರೆ ನೋಡಿದ್ದನ್ನ ಬರಿ."

"ಅದಕ್ಕೆ ಅಂಕ ಕೊಡ್ತಾರಾ?"

ಎಲ್ಲ ಮುಖಗಳೂ ಮತ್ತೆ ಅವಳ ಕಡೆ ತಿರುಗಿದವು. ಕೊಡುತ್ತಾರೆ ಎಂದರೆ ಸುಳ್ಳು, ಕೊಡುವುದಿಲ್ಲ ಎಂದರೆ ಮಕ್ಕಳ ಕೈಯಿಂದ ಜಾಡಿ ಕಿತ್ತುಕೊಂಡ ಹಾಗೆ. ಜಾಣತನದ ಉತ್ತರಗಳು ಬೇಕಾದಷ್ಟಿದ್ದವು, ಇಷ್ಟು ವರ್ಷದ ಕಸುಬು ಅವುಗಳನ್ನು ಜೇಬು ತುಂಬ ಕೊಟ್ಟಿತ್ತು. "ಗೊತ್ತಿಲ್ಲ," ಎಂದಳು. ಆ ಕೋಣೆಯಲ್ಲಿ ಅವಳು ಹಾಗೆಂದದ್ದು ಅದೇ ಮೊದಲು. ಮಾತು ಹೊರಬಿದ್ದ ಮೇಲೆ, ಏನೂ ಕುಸಿಯಲಿಲ್ಲ. ರ‍್ಯಾಂಕಿನ ತುಟಿ ಅದುರಿತು. ಅವಳು ಪುಸ್ತಕ ಮುಚ್ಚಿ ಕುಳಿತುಬಿಟ್ಟಳು. ಗಂಟೆ ಹೊಡೆದ ಮೇಲೆ ಯಾರ ಮುಖವನ್ನೂ ನೋಡದೆ ಹೋದಳು.

ಆಮೇಲಿನದೆಲ್ಲ ಹೆಡ್ಮಾಸ್ಟರ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಬಹಳ ಮರ್ಯಾದೆಯಿಂದ ನಡೆಯಿತು. ತರಗತಿ ಲವಲವಿಕೆಯಿಂದ ಇತ್ತು ಎಂದರು ಪರಿವೀಕ್ಷಕರು. ಆದರೆ ಕೊಟ್ಟ ಪಾಠಯೋಜನೆ ಒಂದು, ಮಾಡಿದ್ದು ಇನ್ನೊಂದು. ಪಠ್ಯವನ್ನು ಮಕ್ಕಳ ಎದುರು ತಪ್ಪೆಂದು ಹೇಳುವುದು ಒಬ್ಬ ಶಿಕ್ಷಕಿಯ ಕೆಲಸವಲ್ಲ; ತರಬೇತುದಾರರದ್ದಂತೂ ಅಲ್ಲ. ಅವಳು ವಾದಿಸಲಿಲ್ಲ. ವಾದಿಸಲು ಹೋದರೆ ಎಲ್ಲಿ ನಕ್ಕುಬಿಡುತ್ತೇನೋ ಎಂದು ಹೆದರಿದ್ದಳು, ಬೆರಳುಗಳಲ್ಲಿ ಇನ್ನೂ ಬಿಸಿ ಲೋಟದ ಉರಿ ಇತ್ತು. ಅವರು ಕಾಗದಗಳನ್ನು ಜೋಡಿಸಿಕೊಂಡು ಎದ್ದು, ಬಾಗಿಲ ತನಕ ಹೋಗಿ, ನಿಂತು, ಗೋಡೆಯ ಭೂಪಟವನ್ನು ನೋಡುತ್ತ ಕೇಳಿದರು:

"ಮೂರು ಬತ್ತಿ ಇಟ್ಟಾಗ ಗೆರೆ ದಾಟಿತಲ್ಲ. ನಾಲ್ಕು ಇಟ್ಟು ನೋಡಿದಿರಾ?"

ಇಲ್ಲ ಸಾರ್, ನೋಡಬೇಕು, ಎಂದಳು. ಹೂಂ ಎಂದು ಅವರು ಹೊರಟುಹೋದರು. ಅವರ ವರದಿ ಆ ಹೂಂನಿಂದ ಬದಲಾಗಲಿಲ್ಲ. ಸಂಜೆಯ ಹೊತ್ತಿಗೆ ಫೋನು ಬಂತು. ಪಕ್ಕದ ಶಾಲೆಯವರೊಬ್ಬರನ್ನು ಆರಿಸಿದ್ದರು. ಹೆಡ್ಮಾಸ್ಟರು ಅದನ್ನು ತಮ್ಮದೇ ತಪ್ಪೆಂಬಂತೆ ತಲೆ ತಗ್ಗಿಸಿ ಹೇಳಿದರು. ಸ್ಟಾಫ್ ರೂಮಿನಲ್ಲಿ ಗಣಿತದವರು, ಹೋಗಲಿ ಬಿಡಿ, ಅಲ್ಲಿ ಊಟ ಚೆನ್ನಾಗಿರಲ್ಲವಂತೆ, ಎಂದರು. ಆ ಸಮಾಧಾನ ಮಾತ್ರ ಅವಳಿಗೆ ಚುಚ್ಚಿತು. ಒಂದು ಗಳಿಗೆ ಅವಳು, ಅಂದು ತರಗತಿಯಲ್ಲಿ ಗಂಟೆ ಹೊಡೆಯುವ ತನಕ ನಿಂತೇ ಇದ್ದ ಆ ಹುಡುಗಿಯಾದಳು. ಕಣ್ಣು ಮಂಜಾಗುವ ಮೊದಲೇ ಎದ್ದು ಪ್ರಯೋಗಾಲಯಕ್ಕೆ ಹೋದಳು.

ಅಲ್ಲಿ ಸಂತೆ ಮುಗಿದ ಬಯಲಿನಂತಿತ್ತು. ಮೇಜಿನ ತುಂಬ ಮೇಣದ ಹನಿ, ಕೆಂಪು ನೀರಿನ ಕೊಚ್ಚೆ, ಯಾರದೋ ಮರೆತುಹೋದ ಪೆನ್ಸಿಲು. ಅವಳು ರವಿಕೆಯ ತೋಳು ಮೇಲಕ್ಕೆ ಮಡಿಚಿ ಜಾಡಿಗಳನ್ನು ಒಂದೊಂದಾಗಿ ತೊಳೆದಳು. ಎಲ್ಲವೂ ಒಂದೇ ಅರೆಯಲ್ಲಿ, ಒಂದರ ಪಕ್ಕ ಒಂದು ನಿಂತವು. ಗೆರೆಯಿದ್ದದ್ದು ಯಾವುದೆಂದು ಹುಡುಕಿ ಬಟ್ಟೆಯಿಂದ ಉಜ್ಜಿದಳು, ಅದು ಅರ್ಧ ಹೋಯಿತು ಅರ್ಧ ಹೋಗಲಿಲ್ಲ. ಹೋಗಲಿ ಎಂದು ಬಿಟ್ಟಳು. ದುಃಖ ಎಲ್ಲಿದೆಯೆಂದು ಒಳಗೆ ತಡಕಿದರೆ ಕೈಗೆ ಸಿಕ್ಕುತ್ತಿದ್ದದ್ದು ಬೇರೆಯೇ: ಗುಬ್ಬಿಯ ತಲೆಯ ಮೇಲಿನ ಎರಡು ಕೈ. ಬಾಗಿಲಲ್ಲಿ ನೆರಳಾಡಿತು. ರ‍್ಯಾಂಕು ನಿಂತಿದ್ದಳು, ಬೆನ್ನಿಗೆ ಚೀಲ, ಅತ್ತು ಊದಿದ ಕಣ್ಣು. ಒಳಗೆ ಬಾ ಎಂದರೂ ಹೊಸ್ತಿಲು ದಾಟಲಿಲ್ಲ.

"ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ ಮೇಡಂ."

"ನನಗೂ ಬಂದಿದೆ," ಎಂದಳು ಅವಳು.

ಹುಡುಗಿ ಇದನ್ನು ನಿರೀಕ್ಷಿಸಿರಲಿಲ್ಲ. ಬೂಟಿನ ತುದಿಯಿಂದ ಹೊಸ್ತಿಲನ್ನು ಒದ್ದಳು. ಆ ಪಾಠ ತನಗೆ ಪೂರ್ತಿ ಬಾಯಿಗೆ ಬರುತ್ತಿತ್ತು, ಅಲ್ಪವಿರಾಮ ಸಹಿತ ಬರುತ್ತಿತ್ತು, ಎಂದಳು. ದನಿ ಮತ್ತೆ ಒಡೆಯಿತು. ಟೀಚರ್ ಒದ್ದೆ ಕೈ ಒರೆಸಿಕೊಂಡಳು. ಕಡೆಗೆ ಹುಡುಗಿ, ಬಹಳ ಹೊತ್ತಿನಿಂದ ಹೊತ್ತುಕೊಂಡು ತಿರುಗಿದ ಭಾರವನ್ನು ಇಳಿಸುವವಳ ಹಾಗೆ, ಕೇಳಿದಳು.

"ಉಳಿದ ಪಾಠಗಳು? ಅವೂ ಹೀಗೇನಾ?"

ಅವಳ ಎದೆಯಲ್ಲಿ ಬೆಳಗಿನಿಂದ ಪುಟಿಯುತ್ತಿದ್ದದ್ದು ಈಗ ಒಮ್ಮೆಗೇ ಎದ್ದು ಗಂಟಲಿಗೆ ಬಂತು. ಆ ಪುಸ್ತಕದ ಎಲ್ಲ ಪಾಠಗಳು: ಬೇರು, ಅಯಸ್ಕಾಂತ, ನೆರಳು, ಉಪ್ಪಿನ ಹರಳು, ತಾನು ಮಕ್ಕಳ ಮುಖ ನೋಡುತ್ತ ಹೇಳಿದ ಅಷ್ಟೂ ಮಾತು, ಒಂದೊಂದೂ ಈಗಷ್ಟೇ ಅಂಗಡಿಯಿಂದ ತಂದು ಇನ್ನೂ ಕಟ್ಟು ಬಿಚ್ಚದ ಪೊಟ್ಟಣಗಳಂತೆ ಕಂಡವು.

"ಗೊತ್ತಿಲ್ಲ ಕಣೇ," ಎಂದಳು. "ಯಾವುದರಿಂದ ಶುರು ಮಾಡೋಣ?"

ಹುಡುಗಿ ಮೂಗು ಎಳೆದುಕೊಂಡಳು. ಯೋಚಿಸಿದಳು. ಆಮೇಲೆ ಹೊಸ್ತಿಲು ದಾಟಿ ಒಳಗೆ ಬಂದು, ಚೀಲ ಇಳಿಸಿ, ಅದರಿಂದ ಪುಸ್ತಕ ತೆಗೆದು ಒದ್ದೆ ಮೇಜಿನ ಮೇಲೆ ಇಟ್ಟಳು.

"ಒಂದನೇ ಪಾಠದಿಂದ," ಎಂದಳು.